ಬಸ್ಸಿನವರೆಗಿನ ದಾರಿ ಯಾರ ಹೊಣೆ?

ಆಷಾಢದ ಜಡಿಮಳೆಯಲ್ಲಿ ಸಂಜೆಯ ಬಸ್ಸು ಊರಿನ ತಿರುವಿನಲ್ಲಿ ನಿಲ್ಲುತ್ತದೆ. ಪುಸ್ತಕದ ಚೀಲವನ್ನು ಎದೆಗವಚಿಕೊಂಡ ಕಾಲೇಜು ಹುಡುಗಿಯರು, ಆಸ್ಪತ್ರೆಯಿಂದ ಮರಳಿದ ಮುದುಕರು, ಪೇಟೆಯಲ್ಲಿ ಕೂಲಿ ಮುಗಿಸಿ ಬಂದವರು ಇಳಿಯುತ್ತಾರೆ. ಬಸ್ಸು ಹೊರಟುಹೋಗುತ್ತದೆ. ಅಲ್ಲಿಂದ ಮನೆಗೆ ಇನ್ನೂ ಒಂದೆರಡು ಮೈಲಿ. ಒಂದು ಪಕ್ಕದಲ್ಲಿ ಕಡಿದ ದರೆ, ಇನ್ನೊಂದು ಪಕ್ಕದಲ್ಲಿ ತುಂಬಿ ಹರಿಯುವ ಚರಂಡಿ, ನಡುವೆ ಮರಳಿನ ಲಾರಿಗಳೂ ಪ್ರವಾಸಿಗರ ಕಾರುಗಳೂ ಓಡುವ ಡಾಂಬರು. ನಡೆಯುವವರಿಗೆ ಉಳಿದಿರುವುದು ಬಿಳಿ ಗೆರೆಯ ಆಚೆಗಿನ ಒಂದು ಗೇಣು ಕೆಸರು ಮಾತ್ರ. ಬಸ್ಸು ತಂಗುದಾಣದ ಗೋಡೆಯ ಮೇಲೆ ಅದನ್ನು ಕಟ್ಟಿಸಿದವರ ಹೆಸರು ದೊಡ್ಡ ಅಕ್ಷರಗಳಲ್ಲಿದೆ. ಆ ತಂಗುದಾಣಕ್ಕೆ ಬರುವ ದಾರಿಯ ಮೇಲೆ ಮಾತ್ರ ಯಾರ ಹೆಸರೂ ಇಲ್ಲ.

ಹೆಸರಿಲ್ಲದ ಈ ದಾರಿಗೆ ಒಡೆಯರಿಲ್ಲವೆಂದು ಭಾವಿಸುವುದು ತಪ್ಪು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1992ರಲ್ಲಿಯೇ ಈ ಹೊಣೆಯನ್ನು ಗುರುತಿಸಿವೆ. ಹನ್ನೊಂದನೆಯ ಅನುಸೂಚಿಯು ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯಿತಿಗಳ ವಿಷಯಗಳ ಪಟ್ಟಿಯಲ್ಲಿ ಸೇರಿಸಿದೆ. ಹನ್ನೆರಡನೆಯ ಅನುಸೂಚಿಯು ಪುರಸಭೆಗಳ ವಿಷಯಗಳಲ್ಲಿ ಬೀದಿದೀಪದೊಂದಿಗೆ ಬಸ್ಸು ನಿಲ್ದಾಣವನ್ನೂ ಹೆಸರಿಸಿ ಹೇಳಿದೆ. ಹೀಗಿರುವಾಗ ಬಸ್ಸಿನವರೆಗೆ ನಡೆದುಬರುವ ದಾರಿಗೆ ಹಣ ಕೇಳಬೇಕಾದವರು ಯಾರು? ಸ್ಥಳೀಯ ಸಂಸ್ಥೆಗಳೇ. ಅವು ಕೇಳುತ್ತಿವೆಯೆ? ಕ್ರಿಯಾಯೋಜನೆಗಳನ್ನು ತೆರೆದು ನೋಡಿದರೆ ಸ್ವಾಗತ ಕಮಾನು ಸಿಗುತ್ತದೆ, ಸಮುದಾಯ ಭವನ ಸಿಗುತ್ತದೆ, ರಸ್ತೆ ಅಗಲೀಕರಣ ಸಿಗುತ್ತದೆ, ಹಳೆಯ ಕಾಂಕ್ರೀಟಿನ ಮೇಲೆ ಹೊಸ ಕಾಂಕ್ರೀಟು ಸಿಗುತ್ತದೆ. ಕಾಲುದಾರಿ ಮಾತ್ರ ಹುಡುಕಿದರೂ ಸಿಗದು.

ಹಣವಿಲ್ಲವೆಂಬುದು ಮೊದಲ ನೆಪ. ಈ ನೆಪಕ್ಕೆ ಬಲವಿಲ್ಲ. ವಾಹನಗಳಿಗಲ್ಲ, ಜನರ ಸಂಚಾರಕ್ಕೆ ಆದ್ಯತೆ ನೀಡಬೇಕೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿಯು 2006ರಲ್ಲಿಯೇ ಸಾರಿತು. ಮೈಸೂರು ನಗರವು ಜಾಗತಿಕ ಪರಿಸರ ನಿಧಿಯ ಅನುದಾನವನ್ನು ಪಡೆದು 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬೈಸಿಕಲ್ ವ್ಯವಸ್ಥೆಯನ್ನು 450 ಸೈಕಲ್ಲುಗಳೊಂದಿಗೆ ಆರಂಭಿಸಿತು. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ ಮಾರ್ಗ ವಿಶ್ವಬ್ಯಾಂಕಿನ ನೆರವಿನಿಂದ ಆಯಿತು. 2015ರಲ್ಲಿ ಆರಂಭವಾಗಿ 2025ರ ಮಾರ್ಚ್‌ನಲ್ಲಿ ಮುಗಿದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಾಜ್ಯದ ಏಳು ನಗರಗಳು ಸ್ಥಾನ ಪಡೆದವು. ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗವೂ ಅವುಗಳಲ್ಲೊಂದು. ನಗರಗಳು ಕೇಳಿದವು, ಪಡೆದವು. ಹಳ್ಳಿಗಳ ಕೈಯೂ ಪೂರ್ತಿ ಬರಿದಾಗಿರಲಿಲ್ಲ. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದರೆ, ಉಳಿದ ಶೇಕಡಾ 40ನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಲು ಪಂಚಾಯಿತಿಗಳಿಗೆ ಅವಕಾಶವಿತ್ತು. ನಡೆಯುವವನ ಕಾಲು ಸ್ಥಳೀಯ ಅಗತ್ಯವೆಂದು ಯಾರಿಗೂ ತೋರದಿದ್ದರೆ ಅದು ಹಣದ ಕೊರತೆಯಲ್ಲ, ದೃಷ್ಟಿಯ ಕೊರತೆ.

ರಾಜ್ಯ ಸರ್ಕಾರವು 2023ರ ಜೂನ್ 11ರಂದು ಶಕ್ತಿ ಯೋಜನೆಯನ್ನು ಜಾರಿಗೆ ತಂದು ಮಹಿಳೆಯರ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಟಿಕೇಟಿನ ಹಣ ಉಳಿದ ಮಾತ್ರಕ್ಕೆ ಬಸ್ಸು ಮನೆಯ ಅಂಗಳಕ್ಕೆ ಬರುವುದಿಲ್ಲ. ಒಂಟಿಮನೆಗಳೂ ಚದುರಿದ ಕೇರಿಗಳೂ ತುಂಬಿರುವ ಮಲೆನಾಡಿನಲ್ಲಿ ಪ್ರಯಾಣದ ಅತಿ ಕಷ್ಟದ ಭಾಗ ಬಸ್ಸಿನೊಳಗಿನದಲ್ಲ, ಬಸ್ಸಿನವರೆಗಿನದು. ಆ ಭಾಗವನ್ನು ಹೆಂಗಸರೂ ಮಕ್ಕಳೂ ಮುಂಗತ್ತಲೆಯಲ್ಲಿ, ದೀಪವಿಲ್ಲದ ತಿರುವುಗಳಲ್ಲಿ, ಕೈಪಿಡಿಯಿಲ್ಲದ ಕಾಲುಸಂಕಗಳ ಮೇಲೆ ಜೀವ ಹಿಡಿದುಕೊಂಡು ದಾಟುತ್ತಾರೆ.

ಜೀವ ಹಿಡಿದುಕೊಂಡು ಎಂಬುದು ಅಲಂಕಾರದ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. 4,836 ಮಂದಿ ಸೈಕಲ್ ಸವಾರರು. ಸತ್ತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಸುಮ್ಮನೆ ನಡೆದು ಹೋಗುತ್ತಿದ್ದವರು. ರಸ್ತೆ ಅಗಲವಾದಷ್ಟೂ ವಾಹನದ ವೇಗ ಏರುತ್ತದೆ. ವೇಗ ಏರಿದಷ್ಟೂ ನಡೆಯುವವನ ಬದುಕು ಅಗ್ಗವಾಗುತ್ತದೆ. ಇದನ್ನೇ ಅಭಿವೃದ್ಧಿಯೆಂದು ಕರೆದು ಅಡಿಗಲ್ಲು ಹಾಕಲಾಗುತ್ತಿದೆ.

ಎರಡನೆಯ ನೆಪ ಇನ್ನೂ ಜಾಣತನದ್ದು. ಗುಡ್ಡಗಾಡಿನಲ್ಲಿ, ಅದೂ ಇಷ್ಟು ಮಳೆಯಲ್ಲಿ, ಸೈಕಲ್ಲು ಯಾರಿಗೆ ಬೇಕು ಎಂಬುದು ಆ ವಾದ. ಘಟ್ಟದ ಏರಿನಲ್ಲಿ ಸೈಕಲ್ ಪಥ ಹಾಕಿರೆಂದು ಯಾವ ವಿವೇಕಿಯೂ ಕೇಳಲಾರ. ಆದರೆ ಮಲೆನಾಡೆಂದರೆ ಬರಿಯ ಏರಲ್ಲ. ಗದ್ದೆ ಬಯಲುಗಳಿವೆ, ಹೊಳೆಯಂಚಿನ ಸಮತಟ್ಟು ದಾರಿಗಳಿವೆ. 2006-07ರಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳು ಸೈಕಲ್ ಪಡೆದರು. ಸೈಕಲ್ ಕೊಟ್ಟ ಸರ್ಕಾರಕ್ಕೆ ಅದನ್ನು ತುಳಿಯುವ ದಾರಿಯ ನೆನಪಾಗಲಿಲ್ಲ. ಬಸ್ಸು ನಿಲ್ದಾಣದಲ್ಲಿ ಅದನ್ನು ಬೀಗ ಹಾಕಿ ನಿಲ್ಲಿಸಲು ನಾಲ್ಕು ತಗಡಿನ ಮಾಡು ಬೇಕೆಂದು ಪಂಚಾಯಿತಿಗೂ ಹೊಳೆಯಲಿಲ್ಲ. ಮಳೆಯ ಹೆದರಿಕೆಯಿರುವುದು ಸೈಕಲ್ಲಿಗಲ್ಲ, ಅದನ್ನು ತುಕ್ಕು ಹಿಡಿಯಲು ಬಿಟ್ಟ ವ್ಯವಸ್ಥೆಗೆ.

ಆದರೂ ಅನುದಾನವೆಂದೊಡನೆ ಕಣ್ಣು ಮುಚ್ಚಿ ಕೈಯೊಡ್ಡುವುದೂ ಅಪಾಯವೇ. ಹೊರಗಿನ ಹಣ ಹೊರಗಿನ ನಕ್ಷೆಯೊಂದಿಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಮಾರ್ಗದಲ್ಲಿ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ಸು ವೇಗವಾಗಿ ಓಡುತ್ತದೆ, ಬಸ್ಸು ಹತ್ತುವವರು ಮಾತ್ರ ವಾಹನಗಳ ಸಾಲನ್ನು ದಾಟಿಯೇ ಅಲ್ಲಿಗೆ ತಲುಪಬೇಕು. ಬಸ್ಸಿಗೆ ಕೊಟ್ಟ ಮನ್ನಣೆ ಬಸ್ಸಿಗೆ ಬರುವವರಿಗೂ ಸಿಗಬೇಕೆಂಬ ಪಾಠವನ್ನು ಸಣ್ಣ ಊರುಗಳು ಇದರಿಂದ ಕಲಿಯಬೇಕು.

ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಕಾಲುದಾರಿಯ ಹೆಸರಿನಲ್ಲಿಯೇ ಜೆಸಿಬಿ ಬಂದು ದರೆಯನ್ನು ಇನ್ನಷ್ಟು ಕಡಿಯಬಹುದು, ರಸ್ತೆಯಂಚಿನ ಹೊನ್ನೆ, ಹೆಬ್ಬಲಸು, ಧೂಪದ ಮರಗಳು ಉರುಳಬಹುದು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೆನೆದು ಭಾರವಾದ ಮಣ್ಣು ಜಾರುತ್ತದೆ. ಹೆದ್ದಾರಿಗಾಗಿ ಗುಡ್ಡ ಕಡಿದಿದ್ದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಆದದ್ದು ಎಲ್ಲರ ಕಣ್ಣ ಮುಂದಿದೆ. ಆದುದರಿಂದ ನಡೆಯುವವರ ಪಾಲಿನ ನೆಲವನ್ನು ಗುಡ್ಡದಿಂದ ಕಿತ್ತು ಕೊಡಬಾರದು. ವಾಹನಗಳಿಗೆ ಈಗಾಗಲೇ ಬಿಟ್ಟಿರುವ ಅಗಲದಿಂದ ಹಿಂಪಡೆದು ಕೊಡಬೇಕು.

ನೀರಿನ ಲೆಕ್ಕವೂ ಅಷ್ಟೇ ಮುಖ್ಯ. ವರ್ಷಕ್ಕೆ 3,000 ಮಿ.ಮೀ. ಮಳೆಯಾಗುವ ಊರಿನಲ್ಲಿ 1 ಕಿ.ಮೀ. ಉದ್ದ, 1.8 ಮೀಟರ್ ಅಗಲದ ದಾರಿಯ ಮೇಲೆ 54 ಲಕ್ಷ ಲೀಟರ್ ನೀರು ಬೀಳುತ್ತದೆ. ಕಾಂಕ್ರೀಟು ಸುರಿದರೆ ಅದರ ಬಹುಪಾಲು ಇಂಗದೆ ಕೆಳಗಿನ ಗದ್ದೆ ತೋಟಗಳಿಗೆ ನುಗ್ಗುತ್ತದೆ. ಅಡಕೆ ತೋಟದಲ್ಲಿ ಬಸಿಗಾಲುವೆಯಿಲ್ಲದೆ ಗಿಡ ನೆಡುವ ಕೃಷಿಕನಿಲ್ಲ. ಬಸಿಗಾಲುವೆಯಿಲ್ಲದೆ ರಸ್ತೆ ಮಾಡುವ ಎಂಜಿನಿಯರುಗಳು ಮಾತ್ರ ಬೇಕಾದಷ್ಟಿದ್ದಾರೆ. ಕಲ್ಲು ಹಾಸಿ ಸಂದುಗಳಲ್ಲಿ ನೀರು ಇಂಗುವಂತೆ ಬಿಟ್ಟ ದಾರಿ, ದರೆಯ ಕಡೆಗೆ ಚರಂಡಿ, ಹಳ್ಳ ಸಿಕ್ಕಲ್ಲೆಲ್ಲ ಮೋರಿ: ಇದು ಹಿರಿಯರಿಗೆ ಗೊತ್ತಿದ್ದ ವಿದ್ಯೆ, ಹೊಸ ಸಂಶೋಧನೆಯೇನಲ್ಲ.

ಹಾಗಾದರೆ ಪ್ರಸ್ತಾವನೆಯಲ್ಲಿ ಏನಿರಬೇಕು? ಪ್ರತಿ ಬಸ್ಸು ನಿಲ್ದಾಣದ ಸುತ್ತ ಒಂದು ಕಿಲೋಮೀಟರಿನೊಳಗಿನ ದಾರಿಗಳೆಲ್ಲವೂ ಸೇರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ದಾರಿಗೆ ಅಡೆತಡೆಯಿಲ್ಲದ 1.8 ಮೀಟರ್, ಅಂದರೆ ಸುಮಾರು ನಾಲ್ಕು ಮೊಳ ಅಗಲವಿರಬೇಕು. ಮುದುಕರೂ ಹತ್ತಬಲ್ಲಂತೆ ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಕಾಲುಸಂಕಗಳಿಗೆ ಎರಡೂ ಬದಿ ಕೈಪಿಡಿ, ರಸ್ತೆ ದಾಟುವಲ್ಲಿ ವಾಹನದ ವೇಗ ತಗ್ಗಿಸುವ ಉಬ್ಬು, ತಿರುವಿಗೊಂದು ದೀಪ, ನಿಲ್ದಾಣದಲ್ಲಿ ಮಾಡಿರುವ ಸೈಕಲ್ ತಾಣ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಐದು ವರ್ಷಗಳ ನಿರ್ವಹಣೆಯ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿಯೇ ಸೇರಿಸಬೇಕು. ಕಟ್ಟಲು ಅನುದಾನ ಸಿಕ್ಕಿ, ಹುಲ್ಲು ಸವರಲು ಕಾಸಿಲ್ಲದೆ ಹೋದರೆ ಎರಡೇ ಮಳೆಗಾಲದಲ್ಲಿ ದಾರಿ ಮತ್ತೆ ಪೊದೆಯಾಗುತ್ತದೆ.

ಇದು ದಯೆಯ ಬೇಡಿಕೆಯಲ್ಲ. ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಹುದಾದ ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ. ಹಕ್ಕು ನ್ಯಾಯಾಲಯದ ಆದೇಶದಲ್ಲಿದ್ದರೆ ಸಾಲದು. ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಇಳಿಯಬೇಕು. ಊರಿನ ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯ ದಿನ ಟೇಪು ಹಿಡಿದು ಮನೆಯಿಂದ ಬಸ್ಸಿನವರೆಗೆ ನಡೆಯಲಿ. ಎಲ್ಲಿ ದಾರಿ ಎರಡು ಮೊಳಕ್ಕಿಳಿಯಿತು, ಎಲ್ಲಿ ಚರಂಡಿ ಬಾಯಿ ತೆರೆದಿದೆ, ಎಲ್ಲಿ ಸಂಕ ಅಲುಗಾಡುತ್ತಿದೆ ಎಂದು ಬರೆದುಕೊಳ್ಳಲಿ. ಆ ಹಾಳೆಯನ್ನು ವಾರ್ಡ್ ಸಭೆಯಲ್ಲಿ ಓದಿ, ಠರಾವು ಮಾಡಿಸಿ, ಅದರ ಪ್ರತಿಯನ್ನು ಪಡೆಯಲಿ. ಅಂದಾಜುಪಟ್ಟಿ ಕಚೇರಿಯಲ್ಲಿ ಹುಟ್ಟುವ ಬದಲು ದಾರಿಯಲ್ಲಿ ಹುಟ್ಟಲಿ.

ಕಮಾನಿಗೆ ಹಣ ಕೇಳುವ ಸಂಸ್ಥೆಗಳಿಗೆ ಕಾಲುದಾರಿಗೆ ಕೇಳಲು ನಾಚಿಕೆಯೇಕೆ? ಕಮಾನಿನ ಕೆಳಗೆ ಮಂತ್ರಿಗಳ ಕಾರು ವರ್ಷಕ್ಕೊಮ್ಮೆ ಹಾಯುತ್ತದೆ. ಕಾಲುದಾರಿಯಲ್ಲಿ ಊರು ದಿನಕ್ಕೆರಡು ಬಾರಿ ನಡೆಯುತ್ತದೆ.