ಮೂಗುದಾರ ಯಾರ ಕೈಯಲ್ಲಿದೆ?

ಯಾರ ಮಾತನ್ನೂ ಕೇಳದೆ ತಿರುಗುವ ಹುಡುಗನನ್ನು ಕಂಡರೆ 'ಬೇಗ ಒಂದು ಮೂಗುದಾರ ಹಾಕಿ' ಎಂದು ಹಿರಿಯರು ನಗುತ್ತಾ ಹೇಳುವುದನ್ನು ನೀವು ಕೇಳಿರಬಹುದು. ಇಂಗ್ಲಿಷಿನಲ್ಲೂ ಇದಕ್ಕೆ ಹತ್ತಿರದ ಒಂದು ನುಡಿಗಟ್ಟಿದೆ: 'ಲೀಡ್ ಬೈ ದ ನೋಸ್'. ಮೂಗು ಹಿಡಿದು ನಡೆಸುವುದು ಎಂಬುದು ಅದರ ನೇರ ಅರ್ಥ. ಒಬ್ಬರಿಗೆ ಸ್ವಂತ ಯೋಚನೆಗೆ ಎಡೆಗೊಡದೆ ತನಗೆ ಬೇಕಾದಂತೆ ಕುಣಿಸುವುದು ಬಳಕೆಯ ಅರ್ಥ.

ಮಾತಿನ ಮೂಲ ದನದ ಕೊಟ್ಟಿಗೆ. ಎತ್ತಿನ ಬಲದ ಮುಂದೆ ಮನುಷ್ಯನ ಬಲ ಏನೇನೂ ಅಲ್ಲ. ಆದರೆ ಅದರ ಮೂಗಿನ ಹೊಳ್ಳೆಗಳ ನಡುವಿನ ಭಾಗ ಬಹಳ ಸೂಕ್ಷ್ಮ. ಅಲ್ಲಿ ಪೋಣಿಸಿದ ಹಗ್ಗ ತುಸು ಜಗ್ಗಿದರೂ ನೋವು. ಆದ್ದರಿಂದಲೇ ಅಷ್ಟು ದೊಡ್ಡ ಪ್ರಾಣಿ ಸಣ್ಣ ಹುಡುಗನ ಹಿಂದೆಯೂ ಸುಮ್ಮನೆ ನಡೆಯುತ್ತದೆ. ಪ್ರಾಚೀನ ಗ್ರೀಕರಲ್ಲೂ ಈ ಮಾತು ಬಳಕೆಯಲ್ಲಿತ್ತು.

ಇಂಗ್ಲಿಷಿನಲ್ಲಿ ಇದು ಬರುವ ಹೆಸರಾಂತ ಕೃತಿಯೆಂದರೆ ಶೇಕ್ಸ್‌ಪಿಯರನ 'ಒಥೆಲೊ'. 1604ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ನಾಟಕವದು. ಒಥೆಲೊ ವೆನಿಸ್ ನಗರದ ವೀರ ಸೇನಾನಿ. ತನಗೆ ಬಡ್ತಿ ಸಿಗಲಿಲ್ಲವೆಂದು ಕುದಿಯುತ್ತಿದ್ದ ಇಯಾಗೊ, ಅವನನ್ನು ಕತ್ತೆಯಂತೆ ಮೂಗು ಹಿಡಿದು ನಡೆಸಬಹುದೆಂದು ಲೆಕ್ಕ ಹಾಕುತ್ತಾನೆ. ಅವನ ಕೈಯಲ್ಲಿ ಹಗ್ಗವಿಲ್ಲ, ಇದ್ದದ್ದು ಬರೀ ಮಾತು. ಪತ್ನಿ ಡೆಸ್ಡಿಮೋನಾಳ ಶೀಲದ ಬಗ್ಗೆ ಗಂಡನ ಕಿವಿಯಲ್ಲಿ ಸಂಶಯ ಊದುತ್ತಾನೆ. ಅವಳ ಕೈಯಿಂದ ಬಿದ್ದ ಕರವಸ್ತ್ರವನ್ನು ಇಯಾಗೊನ ಹೆಂಡತಿ ಎಮಿಲಿಯಾ ಎತ್ತಿಕೊಂಡು, ಗಂಡನಿಗೆ ಖುಷಿಯಾಗಲೆಂದು ಅವನಿಗೆ ಕೊಡುತ್ತಾಳೆ. ಅದೇ 'ಸಾಕ್ಷಿ'ಯಾಗುತ್ತದೆ! ಡೆಸ್ಡಿಮೋನಾ ಎಷ್ಟು ಹೇಳಿದರೂ ಕೇಳದೆ ಒಥೆಲೊ ಅವಳನ್ನು ಕೊಂದುಬಿಡುತ್ತಾನೆ. ಎಮಿಲಿಯಾ ಸತ್ಯ ಹೇಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಗಮನಿಸಿ ಸಹೋದರಿಯರೇ, ಇಲ್ಲಿ ಮೂಗುದಾರ ಹಾಕಿಸಿಕೊಂಡವರು ಇಬ್ಬರು. ಒಥೆಲೊ ದಡ್ಡನಾಗಿರಲಿಲ್ಲ, ಹೆಂಡತಿಯನ್ನು ಅತಿಯಾಗಿ ಪ್ರೀತಿಸುತ್ತಿದ್ದ. ಎಮಿಲಿಯಾ ಕೆಟ್ಟವಳಾಗಿರಲಿಲ್ಲ, 'ಇದು ಯಾಕೆ ಬೇಕು?' ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕರವಸ್ತ್ರ ಕೈಬಿಟ್ಟಳು. ನಮ್ಮ ಮನಸ್ಸು ಎಲ್ಲಿ ಸೂಕ್ಷ್ಮವೋ ಅಲ್ಲಿಯೇ ಹಗ್ಗ ಬೀಳುತ್ತದೆ.

'ನಿಮ್ಮ ಸೊಸೆಯ ವಿಷಯ, ಹೇಳಬಾರದು, ಆದರೂ...' ಎಂದು ಆರಂಭವಾಗುವ ಫೋನ್ ಕರೆ ನಮ್ಮ ಮನೆಗಳಿಗೂ ಬರುತ್ತದೆ. ಅಂತಹ ಮಾತು ಕೇಳಿದ ದಿನ ಕೋಪದಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಆ ಸೊಸೆಯನ್ನೇ ಪಕ್ಕದಲ್ಲಿ ಕೂರಿಸಿ ಕೇಳಿ, ಅವಳು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಎತ್ತಿಗೆ ತನ್ನ ಮೂಗುದಾರವನ್ನು ತಾನೇ ಬಿಚ್ಚಿಕೊಳ್ಳಲು ಬರುವುದಿಲ್ಲ. ನಮಗೆ ಬರುತ್ತದೆ.