ಅಂಗಳದಲ್ಲಿ ಪಿಕ್‌ಅಪ್ಪಿನ ತೋಳು ಬದಲಿಸುವುದು

ಮಲೆನಾಡಿನ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಪಿಕ್‌ಅಪ್ ವಾಹನವು ಹೊಂಡಕ್ಕಿಳಿದಾಗಲೆಲ್ಲ ಮುಂಗಡೆಯಿಂದ ‘ಟಕ್’ ಎಂದು ಸದ್ದು ಮಾಡುವುದಂತೆ. ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತಿರುವುವಂತೆ. ಕಂಟ್ರೋಲ್ ಆರ್ಮುಗಳನ್ನು ಬದಲಿಸಬೇಕೆಂದು ಮೆಕ್ಯಾನಿಕನು ಹೇಳಿದ್ದಾನೆ. ಆ ಕೆಲಸವನ್ನು ಮನೆಯಂಗಳದಲ್ಲಿ ತಾನೇ ಮಾಡುವೆನೆಂದು ಮಗನ ಹಟ. ಒಪ್ಪಿಗೆ ಕೊಡಬಹುದೇ ಎಂಬುದು ತಂದೆಯ ಪ್ರಶ್ನೆ.

ಕೊಡಬಹುದು; ಆದರೆ ಕೆಲವು ವಿಷಯಗಳನ್ನು ಮಗನ ಬಾಯಿಂದಲೇ ಹೇಳಿಸಿದ ತರುವಾಯ ಕೊಡತಕ್ಕದ್ದು.

ಮೊದಲು ವಾಹನದ ಜಾತಿಯನ್ನು ತಿಳಿಯಬೇಕು. ಹೇರು ಸಾಗಿಸುವ ಕೆಲವು ಪಿಕ್‌ಅಪ್ಪುಗಳಲ್ಲಿ ಮುಂಗಡೆಗೂ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗೇ ಇರುವುದು. ಅವಕ್ಕೆ ಈ ತೋಳುಗಳೇ ಇಲ್ಲ. ಬೇರೆ ಹಲವು ವಾಹನಗಳಲ್ಲಿ ಮುಂದಿನ ಪ್ರತಿಯೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ತೋಳಿನ ಒಳತುದಿಯು ರಬ್ಬರಿನ ಬುಷ್‌ಗಳ ಮೂಲಕ ಚಾಸಿಸ್ಸಿಗೆ ಸೇರಿರುವುದು. ಹೊರತುದಿಯಲ್ಲಿ ಬಾಲ್ ಜಾಯಿಂಟ್. ವ್ಯಾಕರಣವನ್ನು ಕಲಿಸಿ ಮುದುಕರಾದ ನಮಗೆ ಇದನ್ನು ಸಂಧಿಯೆನ್ನಲು ಆಸೆ. ನಮ್ಮ ಸಂಧಿಗಳಲ್ಲಿ ಸ್ವರವೊಂದು ಲೋಪವಾದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಈ ಸಂಧಿ ಕಳಚಿತೆಂದರೆ ಓಡುವ ಗಾಡಿಯ ಚಕ್ರವೇ ವಾಲಿಬೀಳುವುದು.

ಕೆಲಸದ ಅಪಾಯವು ಸ್ಪ್ರಿಂಗಿನಲ್ಲಿದೆ. ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತ ಬಂಧಿತವಾಗಿದ್ದರೆ ಎರಡನ್ನೂ ಬಿಡಿಸದೆ ಹಾಗೆಯೇ ಒಟ್ಟಿಗೆ ಕಳಚಬಹುದು. ಸ್ಪ್ರಿಂಗು ಬಿಡಿಯಾಗಿ ಚಾಸಿಸ್ಸಿಗೂ ಕೆಳತೋಳಿಗೂ ನಡುವೆ ಅದುಮಿ ಕುಳಿತಿದ್ದರೆ, ತೋಳು ಬಿಟ್ಟೊಡನೆ ಅದು ಸಿಡಿದು ಎದುರಿದ್ದವನ ಎದೆಗೆ ತಗಲೀತು. ಅಂಥ ವಾಹನವನ್ನು ಷೆಡ್ಡಿಗೇ ಕಳುಹಿಸಿರಿ. ಕೂಲಿಯ ಲೆಕ್ಕ ನೋಡಬೇಡಿರಿ. ಮಗನಿಗೆ ಸಿಟ್ಟು ಬಂದರೂ ಚಿಂತೆಯಿಲ್ಲ.

ಜಾಕಿಯಿರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಚಾಸಿಸ್ಸಿನ ಎರಡು ಕಡೆಗೂ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡದೆ ಅಡಿಯಲ್ಲಿ ಕೈಯನ್ನೂ ಚಾಚಬಾರದು. ಇಟ್ಟಿಗೆಗಳನ್ನು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವವರನ್ನು ನಾವು ಕಂಡಿದ್ದೇವೆ. ಇಟ್ಟಿಗೆಯು ಮುನ್ಸೂಚನೆಯಿಲ್ಲದೆ ಒಡೆಯುವ ವಸ್ತು. ಮಳೆಯಲ್ಲಿ ನೆನೆದ ಅಂಗಳವೂ ನಂಬತಕ್ಕದ್ದಲ್ಲ. ಸಿಮೆಂಟು ಹಾಕಿದ ಸಮನೆಲವೇ ಬೇಕು. ಹಿಂಚಕ್ರಗಳ ಹಿಂದೆಯೂ ಮುಂದೆಯೂ ಅಡ್ಡಗಲ್ಲು ಕೊಡಬೇಕು.

ಬಾಲ್ ಜಾಯಿಂಟಿನ ನಟ್ಟನ್ನು ಸಡಿಲಿಸಿ, ಕೆಲವು ಸುತ್ತುಗಳಷ್ಟು ಹಾಗೆಯೇ ಉಳಿಸಿಕೊಂಡು, ಅನಂತರ ಜಾಯಿಂಟನ್ನು ಬಿಡಿಸಬೇಕು. ಆಗ ತೋಳು ಒಮ್ಮೆಲೇ ಕೆಳಗೆ ಬೀಳದು. ಬ್ರೇಕಿನ ಕೊಳವೆಯಿಂದ ಭಾರವನ್ನು ತೂಗಬಿಡದೆ ತಂತಿಯಿಂದ ಕಟ್ಟಿಡುವುದು.

ಇನ್ನು ಬಲ್ಲವರೂ ತಪ್ಪುವ ಸ್ಥಳ. ಹೊಸ ತೋಳನ್ನು ಜೋಡಿಸಿದ ಕೂಡಲೇ, ಚಕ್ರವು ಗಾಳಿಯಲ್ಲಿ ತೂಗುತ್ತಿರುವಾಗಲೇ, ಬುಷ್‌ಗಳ ಬೋಲ್ಟುಗಳನ್ನು ಬಿಗಿದುಬಿಡುತ್ತಾರೆ. ಬುಷ್ಷಿನ ಒಳಗಿನ ಕೊಳವೆಯನ್ನು ಬೋಲ್ಟು ಅಲುಗದಂತೆ ಹಿಡಿಯುತ್ತದೆ. ತೋಳು ಆಡಿದಾಗ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ತೋಳು ಕೆಳಗೆ ಜೋತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ರಬ್ಬರು ಹಗಲಿರುಳೂ ತಿರುಚಿಕೊಂಡೇ ಇದ್ದು ಬೇಗನೆ ಹರಿಯುವುದು. ಆಮೇಲೆ ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ದೂರು! ಆದುದರಿಂದ ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು, ಚಕ್ರ ಹಾಕಿ, ಗಾಡಿಯನ್ನು ಇಳಿಸಿ, ಅದರ ಭಾರವು ಚಕ್ರಗಳ ಮೇಲೆ ಕುಳಿತ ಮೇಲೆಯೇ, ವಾಹನದ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಬಾಲ್ ಜಾಯಿಂಟಿನ ನಟ್ಟಿಗೆ ಸ್ಪ್ಲಿಟ್ ಪಿನ್ನು ಇದ್ದಲ್ಲಿ ಹೊಸದನ್ನೇ ಹಾಕತಕ್ಕದ್ದು. ರಂಧ್ರವು ನೇರಕ್ಕೆ ಬಾರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಬೇಕು, ಹಿಂದಕ್ಕೆ ತಿರುಗಿಸಲಾಗದು.

ತೋಳು ಬದಲಾದರೆ ಚಕ್ರಗಳ ಓರೆಯೂ ಬದಲಾಗುವುದು. ಅಲೈನ್‌ಮೆಂಟಿನ ಅಂಗಡಿಗೆ ನಿಧಾನವಾಗಿ ಓಡಿಸಿಕೊಂಡು ಹೋಗಲಿ. ಅದು ಮುಗಿಯುವ ತನಕ ಗಾಡಿಗೆ ಅಡಿಕೆ ಮೂಟೆ ಹೇರುವುದು ಬೇಡ.