ಬ್ಯಾಕಪ್ ಇದೆ ಸರಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತಾ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಸಿಸ್ಟಂಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಹೀಗಾಗಿ ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಗಳಿಂದ ಹಿಡಿದು ಮೆಡಿಕಲ್ ಶಾಪ್, ಡಿಟಿಪಿ ಸೆಂಟರ್‌ವರೆಗೆ ಎಲ್ಲರಿಗೂ ಇವತ್ತಲ್ಲ ನಾಳೆ ಹೊಸ ಕಂಪ್ಯೂಟರ್ ಖರ್ಚು ತಪ್ಪಿದ್ದಲ್ಲ.

ದುಡ್ಡು ಕೊಟ್ಟರೆ ಹೊಸ ಯಂತ್ರ ಅದೇ ದಿನ ಬರುತ್ತೆ. ಹಳೇ ಯಂತ್ರದಲ್ಲಿರುವ ಬಿಲ್ಲು, ಉದ್ರಿ ಲೆಕ್ಕ, ಸ್ಟಾಕು ಬರುತ್ತಾ ಅನ್ನೋದು ಬೇರೆ ಪ್ರಶ್ನೆ. 'ಎಲ್ಲಾ ಪೆನ್‌ಡ್ರೈವ್‌ನಲ್ಲಿದೆ' ಎಂಬುದು ಸಾಮಾನ್ಯ ಉತ್ತರ. ಆದರೆ ಬ್ಯಾಕಪ್ ತೆಗೆಯುವುದು ಅರ್ಧ ಕೆಲಸ ಮಾತ್ರ. ಅದನ್ನು ಬೇರೆ ಯಂತ್ರಕ್ಕೆ ಹಾಕಿ, ಲೆಕ್ಕ ತಾಳೆಯಾದ ಮೇಲಷ್ಟೇ ಅದು ಪೂರ್ತಿ.

ದೊಡ್ಡವರೂ ಎಡವಿದ ಜಾಗ

ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ 2022ರ ನವೆಂಬರ್ 23ರಂದು ಸೈಬರ್ ದಾಳಿ ನಡೆಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿ ತೆರೆಯಲಾಗದಂತೆ ಲಾಕ್ ಆಯಿತು. ಹೊರರೋಗಿಗಳ ನೋಂದಣಿ, ಲ್ಯಾಬ್ ರಿಪೋರ್ಟ್ ಎಲ್ಲಾ ಕೈಬರಹಕ್ಕೆ ಬಂತು. ಆಸ್ಪತ್ರೆ ಉಳಿದುಕೊಂಡಿದ್ದು ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್‌ನಿಂದ. ಅದರಲ್ಲಿದ್ದ ಮಾಹಿತಿಯನ್ನು ಹೊಸ ಸರ್ವರ್‌ಗಳಿಗೆ ಹಾಕಲಾಯಿತು ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಬ್ಯಾಕಪ್ ಇದ್ದೂ ಆನ್‌ಲೈನ್ ಸೇವೆ ಹಳಿಗೆ ಬರಲು ಸುಮಾರು ಎರಡು ವಾರ ಹಿಡಿಯಿತು.

ದಕ್ಷಿಣ ಕೊರಿಯಾದ್ದು ಇದಕ್ಕಿಂತ ಕೆಟ್ಟ ಕಥೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹೊತ್ತಿಕೊಂಡು ನೂರಾರು ಸರ್ಕಾರಿ ಸೇವೆಗಳು ನಿಂತವು. ಅಲ್ಲಿನ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಪೂರ್ತಿ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆ ಇನ್ನೊಂದು ಪ್ರತಿಯೇ ಇರಲಿಲ್ಲ.

ಅಂಗಡಿಯವರಿಗೆ ಹೆಚ್ಚು ಪಾಠ ಇರುವುದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಮುಖ್ಯ ಮಾಹಿತಿಯನ್ನೇ ಅಳಿಸಿಬಿಟ್ಟರು. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನೋಡಿದರೆ ಖಾಲಿ! ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್‌ನ ಆವೃತ್ತಿಯೂ ಡೇಟಾಬೇಸ್‌ನ ಆವೃತ್ತಿಯೂ ಹೊಂದಿರಲಿಲ್ಲ. ತಪ್ಪಾಗುತ್ತಿದೆ ಎಂಬ ಇಮೇಲ್ ಕೂಡ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಇನ್ನೊಂದು ಸರ್ವರ್‌ನಲ್ಲಿ ಆರು ಗಂಟೆ ಹಿಂದೆ ತೆಗೆದಿಟ್ಟಿದ್ದ ಪ್ರತಿ ಕೈಹಿಡಿಯಿತು. ಆ ಆರು ಗಂಟೆಯ ಮಾಹಿತಿ ಮಾತ್ರ ಹೋಯಿತು. ಕಂಪನಿ ಇದನ್ನೆಲ್ಲ ಬಹಿರಂಗವಾಗಿ ಬರೆದುಕೊಂಡಿದೆ.

ನಮ್ಮಲ್ಲಿ ಎಲ್ಲಿ ಕೈಕೊಡುತ್ತೆ?

ಅಂಗಡಿಯ ಕಂಪ್ಯೂಟರ್‌ನಲ್ಲೂ ತೊಂದರೆ ಹೆಚ್ಚುಕಡಿಮೆ ಇವೇ. ಗಾತ್ರ ಚಿಕ್ಕದು ಅಷ್ಟೇ.

ಮೊದಲನೆಯದು ಆವೃತ್ತಿ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಡೇಟಾ ಹಳೇ ಆವೃತ್ತಿಯಲ್ಲಿ ತೆರೆಯದೇ ಇರಬಹುದು. ಹಳೇ ಯಂತ್ರದಲ್ಲಿ ಯಾವ ಆವೃತ್ತಿ ಇತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಲೈಸೆನ್ಸ್ ಹಳೇ ಯಂತ್ರಕ್ಕೆ ಜೋಡಣೆಯಾಗಿದ್ದರೆ, ಅದನ್ನು ಮಾರುವ ಮೊದಲೇ ಬಿಡಿಸಿಕೊಳ್ಳಬೇಕು.

ಎರಡನೆಯದು ಪಾಸ್‌ವರ್ಡ್. ಡೇಟಾಗೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿ ಮರೆತರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಲೆಕ್ಕ ಬರೆಯುವ ಹುಡುಗ ಕೆಲಸ ಬಿಟ್ಟು ಹೋದ ಮೇಲೆ ಪಾಸ್‌ವರ್ಡ್ ಹುಡುಕುವ ಸ್ಥಿತಿ ಬರಬಾರದು. ಈಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗಿರಬಹುದು. ಯಂತ್ರ ಕೆಟ್ಟಾಗ ಆ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತೆ. ಅದು ಇಲ್ಲದಿದ್ದರೆ ರಿಪೇರಿಯವರೂ ಏನೂ ಮಾಡಲಾಗದು.

ಮೂರನೆಯದು ಕನ್ನಡಕ್ಕೇ ಸಂಬಂಧಿಸಿದ್ದು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕರಾರು ಪತ್ರ, ಸಂಘದ ನಡಾವಳಿ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಫೈಲ್ ಹಾಳಾಯಿತು ಅಂತ ಗಾಬರಿಯಿಂದ ಅಳಿಸಬೇಡಿ. ಫಾಂಟ್ ಹಾಕಿದರೆ ಸರಿಹೋಗುತ್ತೆ. ಫೈಲಿನ ಜೊತೆ ಫಾಂಟನ್ನೂ ಬ್ಯಾಕಪ್‌ನಲ್ಲಿ ಇಡುವುದು ಒಳ್ಳೆಯದು.

ನಾಲ್ಕನೆಯದು, ಬ್ಯಾಕಪ್ ಇಡುವ ಜಾಗ. 'ಸಿ' ಡ್ರೈವ್‌ನದ್ದನ್ನು ಅದೇ ಯಂತ್ರದ 'ಡಿ' ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಹೋದವು. ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್‌ಗೂ ವೈರಸ್ ಹೊಕ್ಕುತ್ತದೆ. ಗೂಗಲ್ ಡ್ರೈವ್‌ನಂಥ ಕಡೆ ಸಿಂಕ್ ಮಾಡಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಕಾನೂನು ಏನು ಹೇಳುತ್ತೆ?

ಇದು ಬರೀ ಜಾಣತನದ ಮಾತಲ್ಲ, ಜಿಎಸ್‌ಟಿ ನೋಂದಣಿ ಇರುವವರಿಗೆ ಕಾನೂನಿನ ಹೊಣೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. 2023-24ರ ರಿಟರ್ನ್‌ಗೆ ಕೊನೆ ದಿನ 2024ರ ಡಿಸೆಂಬರ್ 31. ಅಂದರೆ ಆ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಕೈಗೆ ಸಿಗಬೇಕು. ಮೇಲ್ಮನವಿ, ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ಜಿಎಸ್‌ಟಿ ನಿಯಮ 57 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವವರು ಸರಿಯಾದ ಬ್ಯಾಕಪ್ ಇಡಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ಲೆಕ್ಕ ನಾಶವಾದರೆ, ಸಮಂಜಸ ಅವಧಿಯೊಳಗೆ ಅದನ್ನು ಮರಳಿ ಪಡೆಯುವಂತಿರಬೇಕು. ಒತ್ತು ಇರುವುದು 'ಮರಳಿ ಪಡೆಯುವುದರ' ಮೇಲೆ. ನೋಟಿಸ್ ಬಂದಾಗ ಮೇಜಿನ ಮೇಲೆ ತೆರೆಯದ ಪೆನ್‌ಡ್ರೈವ್ ಇಟ್ಟರೆ ಕೆಲಸ ಆಗದು.

ಒಂದು ಮಧ್ಯಾಹ್ನದ ಕೆಲಸ

ಪರೀಕ್ಷೆಗೆ ದೊಡ್ಡ ಖರ್ಚೇನಿಲ್ಲ. ಮನೆಯಲ್ಲಿರುವ ಅಥವಾ ಅಕೌಂಟೆಂಟ್ ಬಳಿ ಇರುವ ಬೇರೆ ಕಂಪ್ಯೂಟರ್ ಸಾಕು. ಬ್ಯಾಕಪ್ ಅನ್ನು ಅಲ್ಲಿ ಖಾಲಿ ಫೋಲ್ಡರ್‌ಗೆ ರಿಸ್ಟೋರ್ ಮಾಡಿ. ನಡೆಯುತ್ತಿರುವ ಲೆಕ್ಕದ ಮೇಲೆ ಮಾತ್ರ ಎಂದೂ ಮಾಡಬೇಡಿ. ಹಳೇ ಬ್ಯಾಕಪ್ ಹೊಸ ಬಿಲ್ಲುಗಳನ್ನೇ ನುಂಗಿಬಿಟ್ಟೀತು.

ತೆರೆದುಕೊಂಡರೆ ನಾಲ್ಕು ಅಂಕಿ ತಾಳೆ ನೋಡಿ: ಕೊನೆಯ ಬಿಲ್ ನಂಬರ್, ಕ್ಯಾಶ್ ಬಾಕಿ, ಒಟ್ಟು ಉದ್ರಿ, ಸ್ಟಾಕ್ ಮೌಲ್ಯ. ಬ್ಯಾಕಪ್ ತೆಗೆದ ದಿನದ ಲೆಕ್ಕಕ್ಕೆ ಇವು ಸರಿಹೊಂದಿದರೆ ನೆಮ್ಮದಿ. ಇಲ್ಲಾಂದ್ರೆ ಹಳೇ ಯಂತ್ರ ಜೀವಂತ ಇರುವಾಗಲೇ ತಪ್ಪು ಹುಡುಕಬೇಕು. ತಾಳೆ ಆದರೂ ಕನಿಷ್ಠ ಒಂದು ತಿಂಗಳು ಹಳೇ ಯಂತ್ರವನ್ನು ಫಾರ್ಮ್ಯಾಟ್ ಮಾಡುವುದು, ಎಕ್ಸ್‌ಚೇಂಜ್‌ಗೆ ಕೊಡುವುದು ಬೇಡ.

ಇಡುವ ಲೆಕ್ಕವೂ ಸರಳ. ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಅಂಗಡಿಯ ಹೊರಗೆ. ಹೊರಗಿನದ್ದು ಮನೆಯ ಬೀರುವಿನಲ್ಲಿರುವ ಹಾರ್ಡ್‌ಡಿಸ್ಕ್ ಆದರೂ ಸೈ. ಪಾಸ್‌ವರ್ಡ್, ಲೈಸೆನ್ಸ್ ನಂಬರ್, ಆವೃತ್ತಿಯ ವಿವರ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲೇ ಬೇರೆ ಕಡೆ ಭದ್ರವಾಗಿಡಿ. ಮೂರು ತಿಂಗಳಿಗೊಮ್ಮೆ ತೆರೆದು ನೋಡುವ ಅಭ್ಯಾಸವಿದ್ದರೆ ಉದ್ರಿ ಪುಸ್ತಕ ಕಳೆದುಹೋಗುವ ಭಯವಿಲ್ಲ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಕೊಳ್ಳಬಹುದು, ಯಾರು ಎಷ್ಟು ಬಾಕಿ ಎಂಬ ಲೆಕ್ಕ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.